ಕೇಳುವವಳ ಸಂದರ್ಶನ

ಎದುರಿಗೆ ಕೂತವರ ಬಾಯಿ ಬಿಡಿಸುವುದು ನನ್ನ ವಿದ್ಯಾರ್ಥಿನಿಗೆ ನೀರು ಕುಡಿದಷ್ಟು ಸುಲಭ. ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಸಮಾಜ ಕಾರ್ಯಕರ್ತೆಯಾಗಿದ್ದು, ಆಮೇಲೆ ನನ್ನ ಬಳಿ ಪಿಎಚ್‌ಡಿಗೆ ಬಂದವಳು. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಮನೆಯವರ ಬಗ್ಗೆ ಅವಳು ಬರೆದ ಪ್ರಬಂಧ ಓದಿ ನಾನೇ ಬೆರಗಾಗಿದ್ದೆ. ಈಗ ದೂರದ ಊರಿನ ಸಂಶೋಧನಾ ಕೇಂದ್ರವೊಂದು ಅವಳನ್ನು ಸಂದರ್ಶನಕ್ಕೆ ಕರೆದಿತ್ತು. ಇದು ತಪ್ಪಿದರೆ ಮತ್ತೆ ಹಳೆಯ ವಾರ್ಡು, ಸಂಶೋಧನೆಗೆ ಎಳ್ಳುನೀರು.

ಅದಕ್ಕೇ ನಮ್ಮ ವಿಭಾಗದಲ್ಲೊಂದು ತಾಲೀಮು ಇಟ್ಟೆ. ಪ್ರಶ್ನೆ ಕೇಳಲು ಸಂಖ್ಯಾಶಾಸ್ತ್ರದ ಮೇಷ್ಟ್ರನ್ನು ಕರೆದೆ. ನಗುವುದಕ್ಕೂ ಲೆಕ್ಕ ಇಡುವ ಆಸಾಮಿ.

"ಈ ವಿಷಯಾನೇ ಯಾಕೆ ಆರಿಸ್ಕೊಂಡ್ರಿ?" ಹುಬ್ಬು ಗಂಟಿಕ್ಕಿ ಕೇಳಿದರು.

"ನಿಮ್ಮನೇಲಿ ಯಾರಾದ್ರೂ ಹಾಸಿಗೆ ಹಿಡಿದಿದ್ರಾ ಸಾರ್?" ಎಂದು ಇವಳು ಸುಮ್ಮನೆ ಕಾದು ಕೂತಳು.

ಮುಗಿಯಿತು ಕಥೆ. ತಾಯಿಯ ಕೊನೆಯ ದಿನಗಳನ್ನು ಹೇಳತೊಡಗಿದ ಮೇಷ್ಟ್ರು ನಿಲ್ಲಿಸಲೇ ಇಲ್ಲ. ಕಣ್ಣೊರೆಸಿಕೊಂಡು, "ತುಂಬಾ ಒಳ್ಳೆ ಹುಡುಗಿ ಕಣ್ರೀ" ಎಂದು ನನಗೆ ಹೇಳಿ ಹೊರಟೇಹೋದರು.

ನನಗೆ ಪಿತ್ತ ನೆತ್ತಿಗೇರಿತು. "ಅಲ್ಲಮ್ಮಾ, ಅಳಿಸಿದ್ರೆ ಕೆಲಸ ಕೊಡ್ತಾರಾ? ನಿನ್ನ ಕೆಲಸದ ಬಗ್ಗೆ ಒಂದು ಮಾತಾದ್ರೂ ಆಡಿದ್ಯಾ?"

"ಕೇಳೋದು ಅಭ್ಯಾಸ ಆಗ್ಬಿಟ್ಟಿದೆ ಮೇಡಂ. ಹೇಳೋಕೆ ಹೋದ್ರೆ ನಾಲಿಗೆ ಹೊರಳಲ್ಲ."

ಬೈಗುಳ ನಾಟಲಿಲ್ಲ, ಅವಳ ಮದ್ದನ್ನೇ ಅವಳಿಗೆ ಕೊಟ್ಟು ನೋಡೋಣ ಎನಿಸಿತು. ಕುರ್ಚಿ ಹತ್ತಿರಕ್ಕೆಳೆದುಕೊಂಡು, "ಆ ಮನೆಗಳಲ್ಲಿ ನೀನು ಏನು ಕಂಡೆ?" ಎಂದು ಮೆತ್ತಗೆ ಕೇಳಿದೆ. ಆಮೇಲೆ ತುಟಿ ಪಿಟಕ್ಕೆನ್ನಲಿಲ್ಲ. ನನ್ನ ಜಾಯಮಾನಕ್ಕೆ ಅದೆಂಥ ಶಿಕ್ಷೆ ಎಂದು ನನ್ನ ಗಂಡನನ್ನು ಕೇಳಬೇಕು.

ಅವಳು ಗಂಟಲು ಸರಿಮಾಡಿಕೊಂಡು ಶುರುಮಾಡಿದಳು. ಅತ್ತೆಯ ಔಷಧಿ ಒಮ್ಮೆಯೂ ಮರೆಯದ ಸೊಸೆ ತನ್ನ ಮಾತ್ರೆಯನ್ನೇ ಮರೆಯುತ್ತಾಳೆ, ಅವಳನ್ನು ಯಾವ ಡಾಕ್ಟರೂ ವಿಚಾರಿಸುವುದಿಲ್ಲ, ಮುಂದೆ ಆಗಬೇಕಾದ ಅಧ್ಯಯನ ಅದೇ ಎಂದಳು. ಜವಾನ ಬಂದು ಬೀಗದ ಕೈ ಅಲ್ಲಾಡಿಸುವವರೆಗೂ ಅವಳ ಮಾತು ನಿಲ್ಲಲಿಲ್ಲ.

"ಅಲ್ಲೂ ಹೀಗೇ ಹೇಳು," ಎಂದೆ. "ಏನಾದ್ರೂ ಕೇಳ್ಲೇಬೇಕು ಅನ್ಸಿದ್ರೆ ತಡ್ಕೊಂಡಿದ್ದು, ವಾಪಸ್ ಬಂದ್ಮೇಲೆ ನನ್ನನ್ನ ಕೇಳು."

ಕೆಲಸ ಸಿಕ್ಕಿತು. ಸುದ್ದಿ ಬಂದ ದಿನ ಓಡಿಬಂದು ತಬ್ಬಿಕೊಂಡಳು. ನಾನು ಹಿಗ್ಗಿ ಹೀರೇಕಾಯಿಯಾದೆ. ಆಮೇಲೆ ಅವಳು ಎದುರಿನ ಕುರ್ಚಿಯಲ್ಲಿ ಕೂತಳು.

"ಒಂದು ಪ್ರಶ್ನೆ ಉಳಿಸ್ಕೊಂಡಿದ್ದೀನಿ ಮೇಡಂ. ನಾನು ಹೋದ್ಮೇಲೆ ನೀವು ಯಾರಿಗೆ ಬೈತೀರಾ?"

ವಿದ್ಯಾರ್ಥಿಗಳಿಗೇನು ಬರವೇ ಎಂದು ಬಾಯಿಗೆ ಬಂತು. ಅವಳು ಸುಮ್ಮನೆ ಕಾದು ಕೂತಿದ್ದಳು. ಆ ಹಾಳು ಮೌನದ ಮುಂದೆ ಮೇಷ್ಟ್ರೇ ಉಳಿಯಲಿಲ್ಲ, ನಾನು ಯಾವ ಲೆಕ್ಕ?

"ಬಾಗಿಲು ಹಾಕ್ಕೊಂಡು ಬಾ," ಎಂದು ಮೂಗೊರೆಸಿಕೊಂಡು ಹೇಳತೊಡಗಿದೆ.