ನಾಲ್ಕು ಸೆಕೆಂಡು ಹೆಚ್ಚಾದ ಹಾಡು

ಯೂರೋಪಿನ ಟೀವಿ ಹಾಡಿನ ಸ್ಪರ್ಧೆಗೆ ಐಸ್‌ಲ್ಯಾಂಡಿನಿಂದ ಗ್ರೋವಾಳ ಹಾಡು ಆಯ್ಕೆಯಾದ ಮಾರನೆಯ ದಿನವೇ ತಕರಾರು ಬಂತು. ಹಾಡು ಮೂರು ನಿಮಿಷ ಮೀರುವಂತಿಲ್ಲ. ಇವಳದು ನಾಲ್ಕು ಸೆಕೆಂಡು ಹೆಚ್ಚಿತ್ತು.

ಅರವತ್ತೆರಡರ ಗ್ರೋವಾ ಇಸಾಫ್ಯೋರ್ದುರ್ ಊರಿನ ಈಜುಕೊಳದಲ್ಲಿ ಟಿಕೆಟ್ ಕೊಡುವವಳು. ಅಮ್ಮನ ಪ್ಯಾನ್‌ಕೇಕ್ ಕಾವಲಿ ಯಾರಿಗೆ ಸೇರಬೇಕೆಂಬ ಜಗಳದಲ್ಲಿ ತಂಗಿ ಡೀಸಾ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಹಾಡು ಅದರ ಕುರಿತೇ. ನಡುವೆ 'ಮಾತಾಡ್ತೀಯೇನೇ ತಂಗಿ?' ಎಂದು ಕೇಳಿ, ಗ್ರೋವಾ ನಾಲ್ಕು ಸೆಕೆಂಡು ಸುಮ್ಮನೆ ನಿಲ್ಲುತ್ತಿದ್ದಳು.

ಟೀವಿಯವರ ಕಡೆಯಿಂದ ಕೇತಿಲ್ ಎಂಬವನು ವಿಮಾನ ಹತ್ತಿ ಬಂದ. "ಆ ಖಾಲಿ ಜಾಗ ತೆಗೆದುಬಿಡೋಣ."

"ಖಾಲಿ ಎಲ್ಲಿ? ಅಲ್ಲಿ ಅವಳು ಉತ್ತರ ಕೊಡ್ಬೇಕು."

"ಹನ್ನೊಂದು ವರ್ಷದಲ್ಲಿ ಕೊಡದವರು ನಾಲ್ಕು ಸೆಕೆಂಡಲ್ಲಿ ಕೊಡ್ತಾರಾ?"

ಈಜುಕೊಳದ ಬಿಸಿನೀರಿನ ತೊಟ್ಟಿಯಲ್ಲಿ ಕತ್ತಿನವರೆಗೆ ಮುಳುಗಿ ಕೂತಿದ್ದ ಊರವರು ಎರಡು ಪಕ್ಷವಾದರು. ಡೀಸಾ ಕೂಡ ಅಲ್ಲೇ ಮೂಲೆಯಲ್ಲಿದ್ದಳು. ಪಕ್ಕದ ಪಾದ್ರಿಗೆ, "ಅವಳಿಗೆ ಹೇಳಿ ಪಾದ್ರಿಗಳೇ, ನಂಗೆ ನಾಲ್ಕು ಸೆಕೆಂಡು ಸಾಲಲ್ಲ," ಎಂದಳು. ಎರಡು ಮಾರು ದೂರದಲ್ಲಿ ನಿಂತಿದ್ದ ಗ್ರೋವಾಳಿಗೆ ಪಾದ್ರಿ ಅದನ್ನು ಗಂಭೀರವಾಗಿ ತಲುಪಿಸಿದರು. ಸಂಜೆಯೊಳಗೆ, ಹತ್ತು ಸೆಕೆಂಡು ಕೊಡಬೇಕೆಂಬ ಮನವಿಗೆ ಇನ್ನೂರು ಜನ ಒದ್ದೆ ಕೈಯಲ್ಲೇ ಸಹಿ ಹಾಕಿದ್ದರು. ಶಾಯಿ ಹರಡಿ ಒಂದು ಹೆಸರೂ ಓದಲು ಬರುತ್ತಿರಲಿಲ್ಲ.

ಕೇತಿಲ್ ಯಾರ ಮಾತೂ ಕೇಳದೆ, ಮೊದಲೇ ಧ್ವನಿಮುದ್ರಿಸಿಟ್ಟ ವಾದ್ಯಸಂಗೀತದಿಂದ ಆ ಮೌನವನ್ನು ಕತ್ತರಿಸಿ ಹಾಕಿದ.

ಫೈನಲ್ ದಿನ ವೇದಿಕೆಯ ಮೇಲೆ ಗ್ರೋವಾ ಪ್ರಶ್ನೆ ಕೇಳಿದಳು. ಸಂಗೀತ ಮುಂದೆ ಓಡಿತು. ಅವಳು ಓಡಲಿಲ್ಲ. ಕೇಳಿದ ಮೇಲೆ ಕಾಯದಿರುವುದು ಹೇಗೆಂದು ತಿಳಿಯದೆ ಬಾಯಿ ಮುಚ್ಚಿ ನಿಂತುಬಿಟ್ಟಳು. ಆಮೇಲೆ ಬಸ್ಸು ತಪ್ಪಿದವಳಂತೆ ಸಂಗೀತದ ಹಿಂದೆಯೇ ಉಳಿದಳು. ವಾದ್ಯಗಳೆಲ್ಲ ನಿಂತು, ಪಟಾಕಿ ಹಾರಿ, ಹೊಗೆ ಕವಿದ ಮೇಲೆ ಕೊನೆಯ ಸಾಲನ್ನು ಒಬ್ಬಳೇ ಹಾಡಿ ಮುಗಿಸಿದಳು.

ಸ್ಪರ್ಧಿಗಳೆಲ್ಲ ಸೋಫಾಗಳಲ್ಲಿ ಕೂತು ಕ್ಯಾಮೆರಾಗಳ ಮುಂದೆ ಕಾಯುತ್ತಿದ್ದ ಕೋಣೆಯಲ್ಲಿ, ಅಂಕಗಳನ್ನು ಘೋಷಿಸುತ್ತಿರುವಾಗ ಅವಳ ಫೋನ್ ಅದುರಿತು.

"ಬಾಯ್ತುಂಬ ಒಣಮೀನಿತ್ತು ಕಣೇ ಅಕ್ಕಾ!" ಡೀಸಾ ಏದುಸಿರು ಬಿಡುತ್ತಿದ್ದಳು. "ಊರಿಗೆ ಊರೇ ಟೀವಿ ಬಿಟ್ಟು ನನ್ನ ಮುಖ ನೋಡ್ತಿತ್ತು. ನುಂಗೋ ಹೊತ್ತಿಗೆ ನೀನು ಮುಂದಿನ ಸಾಲು ಶುರು ಮಾಡ್ಬಿಟ್ಟೆ. ಇನ್ನೊಂದ್ಸಲ ಕೇಳು."

ಗ್ರೋವಾ ಕೇಳಿದಳು. "ಮಾತಾಡ್ತೀಯೇನೇ ತಂಗಿ?"

"ಹೂಂ," ಎಂದಳು ಡೀಸಾ. "ಅದ್ಸರಿ, ಆ ನೀಲಿ ಅಂಗಿ ಯಾರು ಹಾಕ್ಸಿದ್ದು? ಥೇಟ್ ಬಚ್ಚಲುಮನೆ ಪರದೆ."

"ನಾನೇ ಹೊಲಿದದ್ದು ಕಣೇ!" ಗ್ರೋವಾ ಸೋಫಾದಿಂದ ಎದ್ದೇಬಿಟ್ಟಳು. ಅಷ್ಟೂ ದೇಶಗಳ ಅಂಕ ಬಂದು ಮುಗಿಯುವವರೆಗೆ ಇಬ್ಬರೂ ಕಚ್ಚಾಡಿದರು. ಕ್ಯಾಮೆರಾಗೆ ಬೆನ್ನು ಹಾಕಿ ಕೈ ಬೀಸುತ್ತಿದ್ದವಳ ಭುಜವನ್ನು ಕೇತಿಲ್ ಮೆಲ್ಲಗೆ ತಟ್ಟಿದ.

"ಇಪ್ಪತ್ತೈದನೇ ಸ್ಥಾನ. ಇಪ್ಪತ್ತಾರರಲ್ಲಿ."

"ತಡಿಯಪ್ಪಾ, ತಂಗಿ ಹತ್ರ ಮಾತಾಡ್ತಿದೀನಿ," ಎಂದಳು ಗ್ರೋವಾ.