ಒಳಕಲ್ಲಿನ ನೀರು

ಶಿವಗಂಗೆ ಬೆಟ್ಟ ಹತ್ತುವಾಗ ಒಳಕಲ್ಲು ತೀರ್ಥ ಅಂತ ಒಂದು ಗವಿ ಸಿಗುತ್ತದೆ. ಅಲ್ಲಿ ಬಂಡೆಯ ತೂತಿನೊಳಗೆ ತೋಳು ಇಳಿಸಬೇಕು. ನೀರು ತಾಗಿದರೆ ಪುಣ್ಯವಂತ, ತಾಗದಿದ್ದರೆ ಪಾಪಿ. ಡಿಗ್ರಿಯ ಮೊದಲೆರಡು ವರ್ಷವೂ ನಾವೆಲ್ಲ ಹೋಗಿದ್ದೆವು. ಶಶಿಕುಮಾರನ ಕೈಗೆ ಮಾತ್ರ ನೀರು ಸಿಗಲಿಲ್ಲ.

ದೊಡ್ಡಬಳ್ಳಾಪುರದ ನಮ್ಮ ಕಾಲೇಜಿನಲ್ಲಿ ಎಲ್ಲರೂ ಅವನನ್ನು ಗಂಡೆದೆಯವನು ಅನ್ನುತ್ತಿದ್ದರು. ಹೈವೇಯಲ್ಲಿ ಬೈಕಿನ ಮುಂದಿನ ಚಕ್ರ ಎತ್ತಿ ಓಡಿಸುತ್ತಿದ್ದ, ವಿಡಿಯೋ ನಾನು ಹಿಡಿಯುತ್ತಿದ್ದೆ. ಗಂಡೆದೆಯೂ ಇಲ್ಲ, ಮಣ್ಣೂ ಇಲ್ಲ. ಪ್ರತಿಸಲ ಹೊರಡುವ ಮುಂಚೆ ಬೆವರಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, "ಅಶೋಕ, ಆಗತ್ತಾ ಗುರು?" ಎಂದು ಕೇಳುತ್ತಿದ್ದ. ಆಗತ್ತೆ ಅಂತ ಯಾರಾದರೂ ಹೇಳಿದರೆ ಸಾಕಿತ್ತು. ಹೇಳುತ್ತಿದ್ದವನು ನಾನೇ. ಅವನು ಹೆದರಿ ಹೊರಡುವುದನ್ನು ನೋಡುವುದರಲ್ಲಿ ನನಗೂ ಒಂದು ಮಜಾ ಇತ್ತು, ಸುಳ್ಳೇಕೆ ಹೇಳಲಿ.

ಆದರೆ ಬೆಟ್ಟದ ತುದಿಯ ಬಸವಣ್ಣನ ಸುತ್ತ ಹಾಕಿರುವ ಕಂಬಿಯನ್ನು ಅವನು ದಾಟುತ್ತಿರಲಿಲ್ಲ. ಎಷ್ಟು ರೇಗಿಸಿದರೂ, "ನೀರು ಸಿಕ್ಕಿಲ್ವಲ್ಲ ಕಣೋ, ಬೇಡ" ಅನ್ನುತ್ತಿದ್ದ.

ಕೊನೆಯ ವರ್ಷವೂ ಕಲ್ಲಿಗೆ ಕೆನ್ನೆ ಒತ್ತಿ, ಕಣ್ಣು ಮುಚ್ಚಿ, ಭುಜದವರೆಗೂ ತೋಳು ಇಳಿಸಿದ. ಹಿಂದೆ ಹುಡುಗರು "ಪಾಪಿ, ಪಾಪಿ" ಅಂತ ನಗುತ್ತಿದ್ದರು. ಅವನು ತೂತಿನೊಳಗೆ ಬೆರಳಾಡಿಸುತ್ತಲೇ ಇದ್ದ. ನನಗೆ ಅಯ್ಯೋ ಅನ್ನಿಸಿತು. ಗವಿಯ ಕತ್ತಲಲ್ಲಿ ನನ್ನ ಬಾಟಲಿ ಬಗ್ಗಿಸಿ, ಅವನ ತೋಳಿನ ಪಕ್ಕದಿಂದ ಒಂದಿಷ್ಟು ನೀರು ಇಳಿಯಬಿಟ್ಟೆ.

"ಸಿಕ್ತು ಕಣ್ರೋ!" ಎಂದು ಕೂಗಿದ.

ತುದಿ ತಲುಪಿದ ಮೇಲೆ, ಆಗತ್ತಾ ಅಂತ ಈ ಸಲ ಅವನು ನನ್ನನ್ನು ಕೇಳಲಿಲ್ಲ. ನಗುತ್ತಲೇ ಕಂಬಿ ದಾಟಿದ. ನಾನು ಮೊಬೈಲ್ ಎತ್ತಿ ಹಿಡಿದಿದ್ದೆ. ಕಾಲು ಜಾರಿ, ಎರಡಾಳುದ್ದ ಕೆಳಗಿನ ಬಂಡೆಗೆ ಬೆನ್ನು ಬಡಿದು ಬಿದ್ದ.

ಎಂಟು ತಿಂಗಳಾಯಿತು. ಅವರ ಮನೆಯ ಪವರ್‌ಲೂಮ್ ಪಕ್ಕದ ಕೋಣೆಯಲ್ಲಿ ಮಲಗಿರುತ್ತಾನೆ. ಸೊಂಟದ ಕೆಳಗೆ ಚಿವುಟಿದರೂ ತಿಳಿಯುವುದಿಲ್ಲ. ಇನ್ನು ನಡೆಯಲಾರ, ಗಾಲಿ ಕುರ್ಚಿಯಲ್ಲಿ ಕೂತು ಬದುಕುವುದನ್ನು ಕಲಿಸಿ ಅಂತ ಡಾಕ್ಟರು ಹೇಳಿದ್ದಾರೆ. ಅವನ ತಾಯಿ ನಾಗಲಕ್ಷ್ಮಮ್ಮ ಕುರ್ಚಿಯನ್ನು ಮನೆಯೊಳಗೆ ಬಿಟ್ಟುಕೊಂಡಿಲ್ಲ.

"ಗಂಗಮ್ಮ ಕೈಗೆ ಸಿಕ್ಕವ್ಳೆ ಕಣಪ್ಪಾ. ನನ್ ಮಗ ಎದ್ದೇಳ್ತಾನೆ," ಅನ್ನುತ್ತಾರೆ.

ನಿನ್ನೆ ಎಲ್ಲವನ್ನೂ ಹೇಳಿಬಿಡಬೇಕು ಅಂತಲೇ ಹೋದೆ. ಇಲ್ಲದಿದ್ದರೆ ಇವನು ಹೀಗೇ ಮಲಗಿ ಕೊಳೆಯುತ್ತಾನೆ. ಬಾಯಿ ತೆರೆಯುವ ಮೊದಲೇ ಶಶಿ ಬೆವರಿದ ಅಂಗೈಯನ್ನು ಹೊದಿಕೆಗೆ ಒರೆಸಿಕೊಂಡ.

"ನೀರು ಸಿಕ್ಕಿದ್ದು ನೀನೇ ನೋಡಿದ್ಯಲ್ಲೋ. ನಡೆಯೋಕೆ ಆಗತ್ತಾ ಗುರು?"

"ಆಗತ್ತೆ," ಅಂದೆ.