ಕಾರಣ ಆರಿಸಿ

"ಕಳೆದ ಮೂವತ್ತು ದಿನಗಳಲ್ಲಿ ಮಗು ಶಾಲೆಗೆ ಹೋಗಿದೆಯೇ?" ಎಂದು ಟ್ಯಾಬ್ ನೋಡಿ ಓದಿದ ಟೀಚರಿಗೆ ತಲೆ ಎತ್ತಲು ನಾಚಿಕೆಯಾಯಿತು. ಎದುರಿಗೆ ಚಾಪೆಯ ಮೇಲೆ ಕೂತಿದ್ದ ಮಗು ಅವರ ಶಾಲೆಯದೇ, ಮೂರನೇ ತರಗತಿಯ ಗುಬ್ಬಿ.

"ಅದನ್ನ ನೀವೇ ಹೇಳ್ಬೇಕು ಮೇಡಂ," ಎಂದಳು ಗುಬ್ಬಿಯ ತಾಯಿ, ಹಲ್ಲಲ್ಲಿ ಕಚ್ಚಿದ್ದ ದಾರ ತೆಗೆದು. "ಬೀಗದ ಕೈ ನಿಮ್ಮ ಹತ್ರಾನೇ ಇದ್ಯಲ್ಲ."

ಚುಚ್ಚಬೇಕೆಂದು ಆಡಿದ ಮಾತಲ್ಲ, ಇದ್ದದ್ದನ್ನು ಇದ್ದಹಾಗೆ ಹೇಳಿದ್ದಳು. ಬೀಗದ ಕೈ ಟೀಚರ ಚೀಲದಲ್ಲೇ ಇತ್ತು. ಶಾಲೆಗೆ ಅವರೊಬ್ಬರೇ. ಎರಡನೆಯ ಹುದ್ದೆ ಖಾಲಿ ಬಿದ್ದು ನಾಲ್ಕು ವರ್ಷವಾಗಿತ್ತು, ಇದ್ದೊಬ್ಬರನ್ನೂ ಈಗ ಮನೆಮನೆ ಸಮೀಕ್ಷೆಗೆ ಅಟ್ಟಿದ್ದರು. ಎಷ್ಟು ಮಕ್ಕಳು ಶಾಲೆಗೆ ಬರುತ್ತಿಲ್ಲ ಎಂದು ತಿಳಿಯಲು ಸರ್ಕಾರ ಶಾಲೆಗೇ ಬೀಗ ಹಾಕಿಸಿತ್ತು. ಇಂಥ ಬುದ್ಧಿ ಯಾರ ತಲೆಗೆ ಹೊಳೆಯಿತೋ ಗೊತ್ತಿಲ್ಲ. ಹಾಗೆ ಹೊಳೆದವರ ಮಕ್ಕಳಂತೂ ಆ ಹೊತ್ತಿಗೆ ಎಲ್ಲೋ ಫ್ಯಾನಿನ ಕೆಳಗೆ ಕೂತು ಪಾಠ ಕೇಳುತ್ತಿದ್ದಿರಬೇಕು.

ಟೀಚರು 'ಇಲ್ಲ' ಎಂದು ಒತ್ತಿದರು. ಮುಂದಿನ ಪುಟ ತೆರೆಯಿತು: ಕಾರಣ ಆರಿಸಿ. ಐದು ಕಾರಣಗಳಿದ್ದವು. ಅನಾರೋಗ್ಯ, ದೂರ, ವಲಸೆ, ದುಡಿಮೆ, ಎಲ್ಲಕ್ಕಿಂತ ಮೇಲೆ ಪೋಷಕರ ನಿರಾಸಕ್ತಿ. ಟೀಚರಿಲ್ಲ ಎಂಬ ಕಾರಣ ಎಲ್ಲೂ ಇರಲಿಲ್ಲ.

ಹಿಂದಿನ ವಾರ ಆಚೆ ಬೀದಿಗಳಲ್ಲಿ, ಗುರುತು ಪರಿಚಯವಿಲ್ಲದ ಮನೆಗಳಲ್ಲಿ, ಅವರೂ ತಲೆ ಕೆಡಿಸಿಕೊಂಡಿರಲಿಲ್ಲ. ಬಿಸಿಲಿಗೆ ಕಾಲು ಸೋತಿದ್ದವು. ಬೆರಳಿಗೆ ಮೊದಲು ಸಿಕ್ಕಿದ್ದನ್ನು ಒತ್ತಿ ಮುಂದಿನ ಬಾಗಿಲಿಗೆ ನಡೆದಿದ್ದರು. ಹದಿನಾರು ಮನೆಗಳ ತಂದೆತಾಯಿಯರು ಹೀಗೆ ಒಂದೊಂದೇ ಒತ್ತಿಗೆ ಆಸಕ್ತಿಯಿಲ್ಲದವರಾಗಿ ಹೋಗಿದ್ದರು.

ಗುಬ್ಬಿಯ ತಾಯಿ ಬಟ್ಟೆ ಅಂಗಡಿಗೆ ಗುಂಡಿ ಹೊಲಿದು ಕೊಡುವವಳು. ಇದ್ದ ಒಂದೇ ಕೋಣೆಯ ತುಂಬ ಅಂಗಿಗಳ ಗುಡ್ಡೆ. ಗುಬ್ಬಿಯ ಮಡಿಲಲ್ಲೂ ಒಂದು ಅಂಗಿಯಿತ್ತು. ಅವಳ ಸೂಜಿ ಗುಂಡಿಯ ನಾಲ್ಕು ತೂತುಗಳಲ್ಲಿ ನೋಡದೆಯೇ ಏರಿ ಇಳಿಯುತ್ತಿತ್ತು.

"ಬೀದಿ ಸುತ್ತೋದು ಬೇಡ ಅಂತ ಕೂರಿಸ್ದೆ," ಎಂದಳು ತಾಯಿ. "ಈಗ ನನಗಿಂತ ಬೇಗ ಹೊಲೀತಾಳೆ. ಇವಳನ್ನೂ ಕೆಲಸಕ್ಕೆ ಹಚ್ಚು ಅಂತ ಅಂಗಡಿಯವರು ಬೆನ್ನು ಬಿದ್ದಿದಾರೆ. ಶಾಲೆ ಯಾವತ್ತು ತೆಗೀತೀರ, ಒಂದು ಗಟ್ಟಿ ಮಾತು ಹೇಳಿ ಮೇಡಂ. ಇಲ್ದಿದ್ರೆ ನಾನೂ ಹೂಂ ಅಂದ್ಬಿಡ್ತೀನಿ."

ಟೀಚರು ಗುಬ್ಬಿಯ ಸೂಜಿಯನ್ನೇ ನೋಡಿದರು. ಅವರ ಶಾಲೆಯಲ್ಲೊಂದು ರೂಢಿಯಿತ್ತು. ಪಾಠಪುಸ್ತಕದಲ್ಲಿಲ್ಲದ ಒಂದು ಸಾಲನ್ನು, ಅದು ಅಂಗಡಿಯ ಬೋರ್ಡಾಗಲಿ, ಸಾಬೂನಿನ ಪೊಟ್ಟಣವಾಗಲಿ, ಯಾರೂ ಹೇಳಿಕೊಡದೆ ಮೊದಲ ಸಲ ಓದಿದ ಮಗು ಮಾರನೆಯ ಬೆಳಿಗ್ಗೆ ಶಾಲೆಯ ಗಂಟೆ ಹೊಡೆಯಬೇಕು. ಮೂರನೇ ತರಗತಿಯಲ್ಲಿ ಗಂಟೆ ಹೊಡೆಯದೆ ಉಳಿದವಳು ಗುಬ್ಬಿಯೊಬ್ಬಳೇ. ಬೀಗ ಬಿದ್ದ ದಿನಕ್ಕೆ ಅವಳು ಅಕ್ಷರಕ್ಕೆ ಅಕ್ಷರ ಕೂಡಿಸುವಲ್ಲಿಗೆ ಬಂದಿದ್ದಳು. ಇನ್ನೆರಡು ವಾರ ಸಿಕ್ಕಿದ್ದರೆ ಸಾಕಿತ್ತು.

ಅವರು ಮೇಲ್ವಿಚಾರಕರಿಗೆ ಫೋನ್ ಮಾಡಿದರು. "ಸರ್, ಟೀಚರು ಸಮೀಕ್ಷೆಗೆ ಹೋಗಿದ್ದಾರೆ ಅಂತ ಎಲ್ಲಿ ಬರೀಲಿ?"

"ಬರೆಯೋಕೆ ಜಾಗ ಎಲ್ಲಿದೆ ಮೇಡಂ? ಐದರಲ್ಲಿ ಒಂದು ಒತ್ತಿ. ಇನ್ನೂ ಐವತ್ತು ಮನೆ ಬಾಕಿ ಇದೆ ನಿಮ್ದು, ನನ್ನ ತಲೆ ತಿನ್ಬೇಡಿ."

"ಶಾಲೆ ಯಾವಾಗ ತೆಗೀಲಿ ಸರ್?"

"ಇದು ಮುಗಿದ್ರೆ ಇನ್ನೊಂದು ಬರುತ್ತಂತೆ. ನೋಡೋಣ."

ಸಣ್ಣ ಕೋಣೆಯಲ್ಲಿ ಎಲ್ಲವೂ ಕೇಳಿಸಿತ್ತು. ತಾಯಿ ಹೊಸ ದಾರ ಪೋಣಿಸತೊಡಗಿದಳು.

ಗುಬ್ಬಿ ಯಾವಾಗ ಎದ್ದು ಬಂದಳೋ, ಟೀಚರ ಭುಜದ ಹಿಂದೆ ನಿಂತಿದ್ದಳು. "ಪೋ... ಪೋಷ... ಪೋಷಕರ," ಎಂಬ ದನಿ ಕಿವಿಗೆ ಬಿತ್ತು. ಟೀಚರು ಟ್ಯಾಬ್ ಮುಚ್ಚಿಡಬಹುದಿತ್ತು. ಮುಚ್ಚಲು ಮನಸ್ಸು ಬರಲಿಲ್ಲ, ಹೇಳಿಕೊಡಲೂ ಇಲ್ಲ. "ನಿ... ರಾ... ಸ..." ಹುಡುಗಿ ಉಸಿರು ಕಟ್ಟಿ ನಿಂತಳು. "ನಿರಾಸಕ್ತಿ! ಪೋಷಕರ ನಿರಾಸಕ್ತಿ!"

ತಾಯಿಯ ಮುಖ ಅರಳಿತು. "ಅವಳೇ ಓದಿದ್ಲಾ ಮೇಡಂ? ನೀವು ಹೇಳ್ಕೊಡ್ಲಿಲ್ವಾ?"

"ಇಲ್ಲಮ್ಮ. ಅವಳೇ ಓದಿದ್ಲು."

"ಹಾಗಂದ್ರೆ ಏನು ಮೇಡಂ? ಎಷ್ಟು ದೊಡ್ಡ ಮಾತು ಓದ್ಬಿಟ್ಲು!"

ಇಪ್ಪತ್ತು ವರ್ಷ ಪಾಠ ಹೇಳಿದ ಟೀಚರಿಗೆ ಒಂದು ಮಾತಿನ ಅರ್ಥ ಹೇಳಲಾಗಲಿಲ್ಲ.

"ನಾಳೆ ಗಂಟೆ ನಂದು, ಅಲ್ವಾ ಮೇಡಂ?" ಎಂದು ಗುಬ್ಬಿ ಅವರ ತೋಳು ಹಿಡಿದು ಜಗ್ಗಿದಳು.

ಚೀಲದಲ್ಲಿ ಫೋನ್ ಬಡಿದುಕೊಳ್ಳತೊಡಗಿತು. ಟೀಚರು ಚೀಲಕ್ಕೆ ಕೈ ಹಾಕಿದರು. ಫೋನನ್ನು ಸರಿಸಿ, ಅಡಿಯಲ್ಲಿದ್ದ ಬೀಗದ ಕೈ ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡರು.

"ಹೂಂ," ಎಂದರು. "ನಿಂದೇ."

ತಾಯಿ ಅವರ ಮುಷ್ಟಿಯನ್ನು ನೋಡಿದಳು. ಆಮೇಲೆ ಕೈ ಚಾಚಿ ಮಗಳು ಬಿಟ್ಟೆದ್ದ ಅಂಗಿಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ಅರ್ಧಕ್ಕೆ ನಿಂತಿದ್ದ ಗುಂಡಿಯನ್ನು ತಾನೇ ಹೊಲಿಯಲು ಕೂತಳು.